ಕೊನೆ ಸರದಿಯ ರೇಟು

“ನಿಮ್ಮಪ್ಪಾಜಿ ಮಾಡಿಸಿದ ರೇಟಿಗೇ ಮಾಡಿಸ್ಕೊಂಡು ಬಾ. ಒಂದ್ ರೂಪಾಯಿ ಮೇಲಾದ್ರೂ ಅವರ ಆತ್ಮಕ್ಕೆ ಸಮಾಧಾನ ಇರಲ್ಲ ನೋಡು.”

ಮಂಗಳಮ್ಮ ಇದನ್ನು ಹಿಂಡಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ ಹೇಳಿದಳು. ಓಮ್ನಿಯೊಳಗೆ ಕೂತಿದ್ದ ಮಗಳು ಪವಿತ್ರಾ ತಲೆಯಾಡಿಸಿದಳು. ಅಪ್ಪಾಜಿಯ ಆತ್ಮ ಎಲ್ಲಿದೆ ಎಂಬುದು ತನಗೆ ಗೊತ್ತು ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದು, ಎಂದಿನಂತೆ, ಅಲ್ಲಿಂದಲೇ ಹಿಂದಿರುಗಿತು.

ನಂಜನಗೂಡಿನ ಬಜಾರಿನಲ್ಲಿ ಗುರುಮಲ್ಲಪ್ಪನ ಹೆಸರು ಹೇಳಿದರೆ ಜನ ಮೊದಲು ನೆನೆಯುತ್ತಿದ್ದದ್ದು ಅವನ ಹಿಂಡಿ ಬೂಸಾ ಅಂಗಡಿಯನ್ನಲ್ಲ, ಅವನ ಚೌಕಾಸಿಯನ್ನು. ಸೊಪ್ಪಿನವಳು ಹೇಳಿದ ಬೆಲೆಗೆ ಅವನು ಮರುಮಾತಾಡದೆ ಕೊಂಡರೆ ಅವಳೇ ಗಾಬರಿಬಿದ್ದು, “ಮೈಗೆ ಹುಷಾರಿಲ್ವಾ ಅಣ್ಣಾರೆ?” ಎಂದು ಕೇಳುತ್ತಿದ್ದಳು. ಹಾಗೆ ಜಗ್ಗಾಡಿ ಜಗ್ಗಾಡಿ ಅವನು ಗೆದ್ದ ಬೆಲೆಗಳಲ್ಲೆಲ್ಲ ಮಂಗಳಮ್ಮನಿಗೆ ಹೆಚ್ಚು ಹೆಮ್ಮೆ ತಂದದ್ದು ರಂಗನಾಯಕನ ಕಾರ್ಡಿನ ಬೆಲೆ.

ರಂಗನಾಯಕನದು ತಿ. ನರಸೀಪುರದಲ್ಲಿ ಒಂದು ಗ್ಯಾರೇಜು, ಒಂದು ಕ್ರೇನ್ ಗಾಡಿ. ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಅವನ ಕಾರ್ಡು ಮಾಡಿಸಿಕೊಂಡರೆ, ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಗಾಡಿ ಎಲ್ಲಿ ಕೆಟ್ಟು ನಿಂತರೂ ಒಂದು ಫೋನ್ ಸಾಕು. ಬ್ಯಾಟರಿ ಸತ್ತಿದ್ದರೆ ಕರೆಂಟು ಕೊಟ್ಟು ಎಬ್ಬಿಸುತ್ತಾನೆ, ಏಳದಿದ್ದರೆ ಕಟ್ಟಿ ಎಳೆದುಕೊಂಡು ಹೋಗುತ್ತಾನೆ. ಇದೇ ಕೆಲಸಕ್ಕೆ ಮೊಬೈಲಿನಲ್ಲಿ ದೊಡ್ಡ ದೊಡ್ಡ ಕಂಪನಿಗಳಿವೆ, ನಿಜ. ಆದರೆ ಹೆಡತಲೆ ಎಲ್ಲಿ, ಬಿಳಿಗೆರೆ ಎಲ್ಲಿ ಎಂದು ಅವರಿಗೆ ಹಿಂದಿಯಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಗಾಡಿಯೊಳಗಿನ ಹಾಲು ಮೊಸರಾಗಿರುತ್ತದೆ. ಊರೆಲ್ಲ ಸಾವಿರದೈನೂರು ಕೊಡುತ್ತಿದ್ದ ಆ ಕಾರ್ಡನ್ನು ಗುರುಮಲ್ಲಪ್ಪ ಏಳುನೂರಕ್ಕೆ ಇಳಿಸಿದ್ದ. ಹೇಗೆ ಇಳಿಸಿದ ಎಂದು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ. ಕೇಳಿದರೆ ಮೀಸೆಯಡಿಯಲ್ಲಿ ನಗುತ್ತಿದ್ದ.

ಹೋದ ಯುಗಾದಿ ಮುಗಿಸಿಕೊಂಡು ಅವನು ಕಾರ್ಡು ಹೊಸದು ಮಾಡಿಸಿದ್ದ. ಆಷಾಢದ ಒಂದು ಸಂಜೆ, ಸುತ್ತೂರು ದಾಟಿ ನರಸೀಪುರದ ಕಡೆಗೆ ಹೋಗುವಾಗ ಸಿಗುವ ನಾಲೆ ಮೋರಿಯ ಮೇಲೆ ಓಮ್ನಿ ನಿಂತುಹೋಯಿತು. ರಂಗನಾಯಕನಿಗೆ ಫೋನ್ ಮಾಡಿದ. ಕ್ರೇನು ಬಂದು ಮುಟ್ಟುವಾಗ ಕತ್ತಲಾಗಿತ್ತು. ಗುರುಮಲ್ಲಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು, ಎದುರಿನ ರಸ್ತೆಯನ್ನೇ ನೋಡುತ್ತ ಕೂತಿದ್ದ. ಉಸಿರಿರಲಿಲ್ಲ. ಹೃದಯ ನಿಂತದ್ದು ಎಂದರು ಡಾಕ್ಟರು.

ಮನೆಯಲ್ಲಿ ಸಾವಾಯಿತೆಂದು ದನಗಳು ತಿನ್ನುವುದನ್ನು ಬಿಡುತ್ತವೆಯೇ? ಊರೂರಿನ ಡೈರಿಗಳಿಗೆ ಹಿಂಡಿ ಮುಟ್ಟಿಸಲೇಬೇಕಿತ್ತು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಪವಿತ್ರಾಗೆ ಗಾಡಿ ಓಡಿಸಲು ಅಪ್ಪಾಜಿಯೇ ಕಲಿಸಿದ್ದ. ಓಡಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಇಳಿದು ನಾಲ್ಕು ಜನರ ಮುಂದೆ ಬಾಯಿ ಬಿಡುವುದೇ ಪ್ರಾಣಸಂಕಟ. ಡೈರಿಯ ಸೆಕ್ರೆಟರಿಗಳು ಏನಾದರೂ ಕೇಳಿದರೆ ಅವಳ ಉತ್ತರ ಅವಳ ಚಪ್ಪಲಿಗಷ್ಟೇ ಕೇಳುತ್ತಿತ್ತು.

ನಾಲೆ ಮೋರಿಯ ಮೇಲೆ ಗಾಡಿ ಮೊದಲ ಸಲ ನಿಂತಾಗ ಅವಳಿಗೆ ಅಳು ಬಂದಿತು, ಅಷ್ಟೇ. ಮತ್ತೊಂದು ಸಲ ನಿಂತಾಗ ಬ್ಯಾಟರಿ ಬದಲಾಯಿಸಿದರು. ಆಮೇಲೆ ಪ್ಲಗ್ಗು, ಪಂಪು, ವೈರು ಎಲ್ಲ ಬಿಚ್ಚಿ ನೋಡಿದ ಮೆಕ್ಯಾನಿಕ್ಕು, “ನನ್ನ ಮಕ್ಕಳಾಣೆಗೂ ಈ ಗಾಡೀಲಿ ಏನೂ ಇಲ್ಲ” ಎಂದು ಕೈಯೊರೆಸಿಕೊಂಡ. ಬೇರೆಲ್ಲೂ ಕೆಮ್ಮದ ಎಂಜಿನ್ನು ಇಳಿಹೊತ್ತಿನಲ್ಲಿ ಆ ಮೋರಿಯ ಮೇಲೆ ಬಂದಾಗ ಮಾತ್ರ, ದೀಪಕ್ಕೆ ಯಾರೋ ಬೆರಳಿಟ್ಟಂತೆ, ಸದ್ದಿಲ್ಲದೆ ಆರಿಹೋಗುತ್ತಿತ್ತು.

ಅವಳು ರಂಗನಾಯಕನಿಗೆ ಫೋನ್ ಮಾಡಿ, ಕೆಳಗಿಳಿದು, ಗಾಡಿಗೆ ಬೆನ್ನು ಮಾಡಿ ಮೋರಿಯ ಕಟ್ಟೆಗೊರಗಿ ನಿಲ್ಲುತ್ತಿದ್ದಳು. ಕ್ರೇನು ಬೇಗ ಬಂದದ್ದೇ ಇಲ್ಲ. ನಾಲೆಯ ನೀರು ಕಪ್ಪಾಗುವವರೆಗೆ, ಭತ್ತದ ಗದ್ದೆಯ ಕೊಕ್ಕರೆಗಳೆಲ್ಲ ಎದ್ದುಹೋಗುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ಹಿಂದೆ ಗಾಡಿಯೊಳಗೆ ಇನ್ನೂ ಒಬ್ಬರು ಕಾಯುತ್ತಿದ್ದಾರೆ ಎಂಬುದು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು. ಹೆದರಿಕೆಯೆಂದು ಹೇಳಲಾಗದು. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವರ ಮುಖ ನೋಡದೆಯೂ ಅವರು ಕಾಯುತ್ತಿರುವುದು ತಿಳಿಯುತ್ತದಲ್ಲ, ಹಾಗೆ. ಗಾಡಿ ಚಾಲೂ ಆಗಿ ಅವಳು ಮತ್ತೆ ಹತ್ತಿ ಕೂತರೆ ಕಾಲು ಕ್ಲಚ್ಚಿಗೆ ಎಟುಕುತ್ತಿರಲಿಲ್ಲ. ಸೀಟು ಹಿಂದಕ್ಕೆ ಸರಿದಿರುತ್ತಿತ್ತು, ಉದ್ದ ಕಾಲಿನ ಅಪ್ಪಾಜಿಗೆ ಬೇಕಾಗುತ್ತಿದ್ದಷ್ಟೇ. ಅದನ್ನು ಮುಂದಕ್ಕೆ ಎಳೆದುಕೊಂಡು ಮನೆಗೆ ಬಂದು, ಅಮ್ಮನಿಗೆ ಏನನ್ನೂ ಹೇಳದೆ ಮಲಗುತ್ತಿದ್ದಳು.

ಈಗ ಆ ಕಾರ್ಡಿನ ವರ್ಷ ಮುಗಿದಿತ್ತು.

ನರಸೀಪುರದ ಗ್ಯಾರೇಜಿನ ಹೊಂಗೆ ಮರದಡಿ ರಂಗನಾಯಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಮೊದಲು ದನದ ಜಾತ್ರೆಗಳಲ್ಲಿ ದಲ್ಲಾಳಿಯಾಗಿದ್ದವನು. ಟ್ರ್ಯಾಕ್ಟರುಗಳು ಬಂದು ಎತ್ತು ಕೇಳುವವರು ಕಡಿಮೆಯಾದ ಮೇಲೆ ಕ್ರೇನು ಕೊಂಡ. ದನದ ವ್ಯಾಪಾರ ಬಿಟ್ಟನೇ ಹೊರತು ಹೆಗಲ ಮೇಲಿನ ಟವಲ್ಲು ಬಿಡಲಿಲ್ಲ. ಕಾರ್ಡಿನ ಬೆಲೆಯನ್ನೂ ಜೋಡೆತ್ತಿನ ಬೆಲೆಯಂತೆ ಟವಲ್ಲಿನ ಕೆಳಗೆ ಬೆರಳು ಹಿಡಿದೇ ಕುದುರಿಸುತ್ತಿದ್ದ. ಒಂದು ಬೆರಳು ಹಿಡಿದರೆ ನೂರು, ಐದೂ ಕೂಡಿಸಿ ಹಿಡಿದರೆ ಐನೂರು. ಬಾಯಲ್ಲಿ ಬೆಲೆ ಆಡಿದರೆ ಪಕ್ಕದವನೂ ಅದನ್ನೇ ಕೇಳುತ್ತಾನೆ. ಬೆರಳು ಆಡಿದ್ದು ಇಬ್ಬರಿಗೆ ಮಾತ್ರ ಗೊತ್ತು.

“ಓ, ಗುರುಮಲ್ಲಪ್ಪೋರ ಕೂಸಾ! ಬಾರವ್ವ, ಕೂತ್ಕೊ,” ಎಂದ. “ಗಾಡಿ ನಿಲ್ದಂಗೆ ಬಂದುಬುಡ್ತಾ ಇವತ್ತು?”

“ಬಂತು ರಂಗಣ್ಣ. ಬೆಳಿಗ್ಗೆ ಹೊತ್ತು ನಿಲ್ಲಲ್ಲ.”

“ಅದ್ಕೂ ಡ್ಯೂಟಿ ಟೈಮ್ ಅದೆ ಅನ್ನು,” ಎಂದವನು ಕ್ರೇನ್ ಡ್ರೈವರ್ ಹುಚ್ಚಯ್ಯ. ಟೈರಿನ ಮೇಲೆ ಕೂತು ಬೋಂಡ ತಿನ್ನುತ್ತಿದ್ದ.

ಪವಿತ್ರಾ ದಾರಿಯುದ್ದಕ್ಕೂ ಗಾಡಿಯ ಕನ್ನಡಿಗೆ ಹೇಳಿ ಹೇಳಿ ಪಾಠ ಮಾಡಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದಳು. “ಕಾರ್ಡು ಮುಗೀತು ರಂಗಣ್ಣ. ನಾವು ಹಳೇ ಗಿರಾಕಿಗಳು. ಬ್ಯಾಟರಿ ಹೊಸದು. ಅಪ್ಪಾಜಿ ರೇಟಿಗೇ ಮಾಡ್ಕೊಡ್ಬೇಕು ಅಂದ್ರು ಅಮ್ಮ.”

“ಇನ್ನೊಂಚೂರು ಜೋರಾಗಿ ಏಳವ್ವ,” ಎಂದ ಹುಚ್ಚಯ್ಯ. “ಕ್ರೇನ್‌ಗೂ ಕೇಳ್ಲಿ. ನಿನ್ ಗಾಡಿ ಎಳ್ದೂ ಎಳ್ದೂ ಅದ್ರ ಸೊಂಟ ಬಿದ್ದೋಗದೆ.”

“ಸುಮ್ಕಿರ್ಲಾ,” ಎಂದು ಗದರಿ ರಂಗನಾಯಕ ಅವಳ ಕಡೆ ತಿರುಗಿದ. “ನೋಡವ್ವ, ಮಿಕ್ಕೋರ ಗಾಡಿ ವರ್ಸಕ್ಕೊಂದು ಸಲ ನಿಂತ್ರೆ ಎಚ್ಚು. ನಿಂದು ತಿಂಗ್ಳು ತಿಂಗ್ಳು ನಿಲ್ತದೆ. ನ್ಯಾಯವಾಗಿ ನಾನು ಮೂರು ಸಾವ್ರ ಕೇಳ್ಬೇಕು.”

ಪವಿತ್ರಾ ಮುಂದಿನ ಮಾತು ಸಿದ್ಧ ಮಾಡಿಕೊಂಡು ಬಂದಿರಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು. ಆ ಮೌನವೇ ಗಟ್ಟಿ ಚೌಕಾಸಿಯಂತೆ ಕಂಡಿತೋ ಏನೋ, ರಂಗನಾಯಕ ತಾನೇ ಇಳಿದ.

“ಓಗ್ಲಿ, ಒಂದ್ ಮಾತೇಳ್ತೀನಿ. ನಿಮ್ಮಪ್ಪಾರ ರೇಟಿಗೇ ಕೊಡ್ತೀನಿ. ಆದ್ರೆ ಆ ನಾಲೆ ಮೋರಿ ಒಂದನ್ನ ಬುಟ್ಬುಡು. ಬೇರೆ ಎಲ್ಲಿ ನಿಂತ್ರೂ ಬತ್ತೀನಿ. ಅಲ್ಲಿ ನಿಂತ್ರೆ ಮಾತ್ರ ನನ್ನ ಕರೀಬ್ಯಾಡ.”

“ಯಾಕೆ ರಂಗಣ್ಣ?”

ರಂಗನಾಯಕ ಮರದ ಕೊಂಬೆ ನೋಡಿದ. ಹೇಳಿದವನು ಹುಚ್ಚಯ್ಯ, ಅವನ ಮುಖದಲ್ಲಿ ಈಗ ನಗು ಇರಲಿಲ್ಲ.

“ನಾನಂತೂ ಅಲ್ಲಿಗೆ ಇನ್ನು ಓಗಕ್ಕಿಲ್ಲ ಕಣವ್ವ. ಓದ್ ಸಲ ನಾನು ಬಂದಾಗ ನೀನು ಮೋರಿ ಕಟ್ಟೆ ಅತ್ರ ನಿಂತಿದ್ದೆ, ಅಲ್ವಾ? ಮತ್ತೆ ಸೀಟ್ ಮ್ಯಾಲೆ ಕೂತಿದ್ದೋರು ಯಾರು? ನಾನು ಸೀದಾ ಓಗಿ, ‘ಸಾ, ಒಂಚೂರು ಕೀ ತಿರುಗ್ಸಿ’ ಅಂದೆ. ಅವರು ತಿರುಗ್ಸಿದ್ರು. ಗಾಡಿ ಎದ್ಬುಡ್ತು. ಆಮ್ಯಾಕೆ ನೋಡ್ತೀನಿ, ಒಳಗ್ಯಾರವ್ರೆ? ಯಾರೂ ಇಲ್ಲ!” ತಿನ್ನುತ್ತಿದ್ದ ಬೋಂಡವನ್ನು ಅವನು ಪೇಪರಿನಲ್ಲಿ ಸುತ್ತಿ ಕೆಳಗಿಟ್ಟ. “ಅವತ್ತಿಂದ ನಂಗೆ ಸಂಜೆ ಫೋನ್ ಒಡೆದ್ರೆ ಎದೆ ಒಡೀತದೆ.”

ಪವಿತ್ರಾಗೆ ಕಣ್ಣು ತುಂಬಿ ಬಂತು. ದುಃಖಕ್ಕಲ್ಲ. ಇಷ್ಟು ತಿಂಗಳು ತನ್ನ ಬೆನ್ನೊಂದಕ್ಕೇ ಗೊತ್ತಿದ್ದದ್ದು ಈಗ ಇನ್ನೊಬ್ಬರ ಬಾಯಿಂದ ಬಂದಿತಲ್ಲ ಎಂದು.

ಹೂಂ ಎಂದರೆ ಆಯಿತು. ಅಮ್ಮ ಕೇಳಿದ ರೇಟು ಸಿಕ್ಕಿತ್ತು. ಬಜಾರಿನಲ್ಲಿ ಅಮ್ಮ ತಲೆಯೆತ್ತಿ, “ತಂದೆಗೆ ತಕ್ಕ ಮಗಳು” ಎಂದು ಹೇಳಿಕೊಳ್ಳಬಹುದು. ಆದರೆ ಹೂಂ ಎನ್ನುವುದು ಎಂದರೆ ಏನು? ಆ ಮೋರಿಯ ಮೇಲೆ ಇನ್ನು ಮುಂದೆ ಯಾರು ಕಾದರೂ, ಎಷ್ಟು ಕಾದರೂ, ಯಾರೂ ಬರುವುದಿಲ್ಲ ಎಂದು ಬರೆದುಕೊಟ್ಟ ಹಾಗೆ. ಅಪ್ಪಾಜಿ ಕಾಯುತ್ತಲೇ ಇರುತ್ತಾನೆ. ಅವಳಿಗೆ ಗೊತ್ತಿಲ್ಲದಂತೆಯೇ ಅವಳ ಬಾಯಿಂದ, ಮನೆಯಲ್ಲಿ ಯಾರೂ ಈವರೆಗೆ ಕೇಳದಿದ್ದ ಪ್ರಶ್ನೆ ಬಂದುಬಿಟ್ಟಿತು.

“ಅಪ್ಪಾಜಿ ಹೋದ ದಿನ ಅಷ್ಟು ಹೊತ್ತು ಯಾಕಾಯ್ತು ರಂಗಣ್ಣ?”

 ರಂಗನಾಯಕ ಹೆಗಲ ಟವಲ್ಲು ತೆಗೆದು ಮುಖ ಒರೆಸಿಕೊಂಡ. ಒಮ್ಮೆ ಒರೆಸಿಕೊಂಡದ್ದು ಸಾಲದೆಂಬಂತೆ ಇನ್ನೊಮ್ಮೆ ಒರೆಸಿಕೊಂಡ.

“ಅವರ ರೇಟೇ ಅಂಗಿತ್ತು ಕಣವ್ವ. ಕ್ರೇನ್ ಇರದು ಒಂದು. ನಾಕು ಜನ ಒಟ್ಗೆ ಫೋನ್ ಮಾಡಿದ್ರೆ ಪೂರಾ ದುಡ್ಡು ಕೊಟ್ಟೋರ ಅತ್ರ ಮೊದ್ಲು ಓಯ್ತೀನಿ. ಇದು ಮುಚ್ಚುಮರೆ ಏನಲ್ಲ. ನಿಮ್ಮಪ್ಪಾರು ಟವಲ್ ಒಳಗೆ ಕೈ ಇಕ್ಕಿ ಏನಂದ್ರು ಗೊತ್ತಾ? ‘ರಂಗ, ನನ್ನದು ಇಂಡಿ ಬೂಸ, ಕೊಳೆಯೋ ಮಾಲಲ್ಲ, ನಂಗ್ಯಾವ ಅವಸರ? ಎಲ್ಲಾರ್ನೂ ಮುಗಿಸ್ಕೊಂಡು ಕೊನೇಗೆ ಬಾ. ಅದ್ಕೆ ಎಷ್ಟ್ ಇಳುಸ್ತೀಯ ಏಳು’ ಅಂದ್ರು. ಕಾಯೋದ್ನೇ ಮಾರ್ಬುಟ್ರು ನಂಗೆ. ಅಂಥ ವ್ಯಾಪಾರ ನಾನು ದನದ ಜಾತ್ರೇಲೂ ನೋಡಿರ್ನಿಲ್ಲ.”

ಅವನು ಟವಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

“ಅವತ್ತು ಫೋನ್ ಮಾಡ್ದಾಗ್ಲೂ ನಗ್ತಿದ್ರು. ‘ನಿಧಾನಕ್ಕೆ ಬಾರಯ್ಯ, ನಂದು ಕೊನೆ ಸರದಿ’ ಅಂದ್ರು. ಎರಡ್ನೆ ಸಲ ಒಂದು ಫೋನ್ ಮಾಡಿದ್ದಿದ್ರೆ ಎಲ್ಲಾ ಬುಟ್ಟು ಬತ್ತಿದ್ದೆ. ಎದೆ ಇಡ್ಕಂಡಾಗ್ಲೂ ಮಾಡ್ನಿಲ್ವಲ್ಲ ಆ ಪುಣ್ಯಾತ್ಮ! ಮಾತು ಕೊಟ್ಟಿದ್ದೀನಿ ಅಂತ ಕೂತ್ಬುಟ್ರು.”

ಪವಿತ್ರಾಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ‘ಏಳ್ನೂರಕ್ಕೆ ಇಳಿಸಿದ್ದರು ನಮ್ಮೋರು’ ಎಂದು ಸಿಕ್ಕಸಿಕ್ಕವರಿಗೆ ಹೇಳುವ ಅಮ್ಮ ಕಣ್ಣ ಮುಂದೆ ಬಂದಳು. ತಾನು ಮೋರಿಯ ಮೇಲೆ ನಿಂತು ಕಾದದ್ದೂ ಅದೇ ವ್ಯಾಪಾರದ ಕಾಯುವಿಕೆ ಎಂದು ಈಗ ತಿಳಿಯಿತು. ಸತ್ತ ಮೇಲೂ ಕೊಟ್ಟ ಮಾತಿಗೆ ತಪ್ಪದೆ, ತನ್ನ ಸರದಿ ಬರಲಿ ಎಂದು, ಆ ಮನುಷ್ಯ ಕೂತೇ ಇದ್ದಾನೆ.

“ಟವಲ್ ಹಾಕಿ ರಂಗಣ್ಣ,” ಎಂದಳು.

“ಏನವ್ವ?”

“ವ್ಯಾಪಾರ ಮಾಡೋಣ. ಟವಲ್ ಹಾಕಿ.”

ಹುಚ್ಚಯ್ಯ ಎದ್ದು ನಿಂತ. “ಎಣ್ ಕೂಸು ಟವಲ್ ಒಳಗೆ ಕೈ ಇಕ್ಕದಾ? ನೋಡ್ದೋರು ಏನಂದಾರು!”

“ನಿಂಗೆ ಬೆರಳ ಲೆಕ್ಕ ಗೊತ್ತಾಯ್ತದಾ?” ಎಂದು ಕೇಳಿದ ರಂಗನಾಯಕ.

ಅದೊಂದೇ ಅವಳಿಗೆ ಚೆನ್ನಾಗಿ ಗೊತ್ತಿದ್ದ ಭಾಷೆ. ಗಿರಾಕಿ ಎದುರಿಗಿದ್ದಾಗ ಯಾವ ಬೆಲೆ ಹೇಳಬೇಕೆಂದು ಅಪ್ಪಾಜಿ ಗಲ್ಲಾಪೆಟ್ಟಿಗೆಯ ಮರೆಯಲ್ಲಿ ಅವಳ ಬೆರಳು ಹಿಡಿದು ತಿಳಿಸುತ್ತಿದ್ದ. ನಾಚಿಕೆಯ ಹುಡುಗಿಗೆ ಬಾಯಿ ತೆರೆಯದೆ ತಂದೆಯ ಜೊತೆ ಇಡೀ ಮಧ್ಯಾಹ್ನ ಮಾತಾಡಲು ಅಷ್ಟು ಸಾಕಾಗಿತ್ತು. ಅವಳು ಬಲಗೈ ಮುಂದೆ ಚಾಚಿದಳು. ರಂಗನಾಯಕ ಅತ್ತಿತ್ತ ನೋಡಿ, ಟವಲ್ಲು ಕೊಡವಿ, ಇಬ್ಬರ ಕೈ ಮೇಲೂ ಹೊದೆಸಿದ.

“ಬೇರೆ ಎಲ್ಲಿ ನಿಂತ್ರೂ ನಮ್ಮದು ಕೊನೆ ಸರದಿಯೇ ಇರಲಿ,” ಎಂದಳು ಪವಿತ್ರಾ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ನಾಲೆ ಮೋರಿ ಮೇಲೆ ನಿಂತ್ರೆ ಮಾತ್ರ ಮೊದಲ ಸರದಿ. ಹುಚ್ಚಯ್ಯಣ್ಣ ಅಲ್ಲ, ನೀವೇ ಬರ್ಬೇಕು. ಯಾರ ಗಾಡಿ ಕಟ್ಟಿದ್ರೂ ಬಿಚ್ಚಿಟ್ಟು ಬರ್ಬೇಕು.”

ಅವಳು ಅವನ ಐದೂ ಬೆರಳು ಕೂಡಿಸಿ ಹಿಡಿದಳು: ಐನೂರು. ಬಿಟ್ಟು ಇನ್ನೊಮ್ಮೆ ಹಿಡಿದಳು: ಸಾವಿರ. ಮತ್ತೊಮ್ಮೆ ಹಿಡಿಯಹೋದಾಗ ಅವಳ ಕಿರುಬೆರಳು ತಾನಾಗಿ ಮಡಿಸಿಕೊಂಡಿತು.

ತಾನಾಗಿ ಅಲ್ಲ. ಯಾರೋ ಮಡಿಸಿದರು.

ಅವಳು ಬೆರಳು ಬಿಡಿಸಿದಳು. ಅದನ್ನು ಮತ್ತೆ ಮಡಿಸಿ, ಅದರ ಪಕ್ಕದ್ದನ್ನೂ ಮಡಿಸಿ, ಒಂದು ಒರಟು ಅಂಗೈ ಅವಳ ಮುಷ್ಟಿಯನ್ನು ಹಿಂದಕ್ಕೆ ಎಳೆಯಿತು. ಮೂಟೆಯ ಸೆಣಬು ಉಜ್ಜಿ ಉಜ್ಜಿ ಜಡ್ಡುಗಟ್ಟಿದ ಅಂಗೈ, ಬಿಸಿಯಾಗಿತ್ತು. ಬೇಡ, ಜಾಸ್ತಿಯಾಯಿತು, ಇಳಿಸು ಎನ್ನುತ್ತಿತ್ತು ಅದು. ಗಲ್ಲಾಪೆಟ್ಟಿಗೆಯ ಮರೆಯಲ್ಲಿ ಹೇಳುತ್ತಿದ್ದಂತೆಯೇ, ಅದೇ ಅವಸರದ ಒತ್ತಿನಲ್ಲಿ.

ರಂಗನಾಯಕನ ಹಣೆಯಲ್ಲಿ ಬೆವರು ಒಡೆಯಿತು. ಟವಲ್ಲಿನ ಹೊರಗಿದ್ದ ಅವನ ಇನ್ನೊಂದು ಕೈ ಕುರ್ಚಿಯ ತೋಳನ್ನು ಹಿಡಿದುಕೊಂಡಿತು. “ಒಂದ್ ಕಡೆ ಏರುಸ್ತೀಯ, ಒಂದ್ ಕಡೆ ಇಳುಸ್ತೀಯ,” ಎಂದ, ಪಿಸುದನಿಯಲ್ಲಿ. “ನೀನು ಯಾರ ಜತೇಲಿ ವ್ಯಾಪಾರ ಮಾಡ್ತಿದ್ದೀಯವ್ವ? ನನ್ ಜತೇಲಾ, ಅವರ ಜತೇಲಾ?”

ಪವಿತ್ರಾ ಕಣ್ಣು ಮುಚ್ಚಿದಳು. ಹೊಂಗೆಯ ಹೂವು ಟವಲ್ಲಿನ ಮೇಲೆ ಉದುರುತ್ತಿತ್ತು.

“ಅಪ್ಪಾಜಿ, ಬಿಡಿ,” ಎಂದಳು. ಒತ್ತು ಇನ್ನೂ ಬಿಗಿಯಾಯಿತು. “ನೀವು ಕಾದಿದ್ದು ಸಾಕು. ಇದೊಂದು ಸಲ ನಾನು ಹೇಳಿದ ಬೆಲೆಗೇ ಆಗ್ಲಿ ಬಿಡಿ.”

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ, ಸಂತೆಯಲ್ಲಿ ಸೋತ ಗಿರಾಕಿ ಹೋಗಲಿ ಎಂದು ಕೈ ಸಡಿಲಿಸುವ ಹಾಗೆ, ಒಲ್ಲದ ಮನಸ್ಸಿನಿಂದ, ಒಂದೊಂದೇ ಬೆರಳಾಗಿ ಅದು ಬಿಟ್ಟಿತು. ಅವಳು ರಂಗನಾಯಕನ ಐದೂ ಬೆರಳು ಹಿಡಿದಳು. ಇನ್ನೊಮ್ಮೆ ಹಿಡಿದಳು. ಮೊದಲಿನ ಸಾವಿರಕ್ಕೆ ಸೇರಿ ಎರಡು ಸಾವಿರ.

“ಆಯ್ತು,” ಎಂದ ರಂಗನಾಯಕ. ಟವಲ್ಲು ತೆಗೆದಾಗ ಅಲ್ಲಿದ್ದದ್ದು ಎರಡೇ ಕೈ.

ಅಮ್ಮ ಕೊಟ್ಟಿದ್ದಕ್ಕೆ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ತಾನು ಕೂಡಿಟ್ಟದ್ದನ್ನು ಸೇರಿಸಿ ಕೊಟ್ಟು, ಡೈರಿಗಳ ಕೆಲಸ ಮುಗಿಸಿಕೊಂಡು ಅವಳು ಹೊರಟಾಗ ಇಳಿಹೊತ್ತು. ನಾಲೆ ಮೋರಿಯ ಮೇಲೆ ಗಾಡಿ ನಿಂತಿತು. ಅವಳು ಫೋನ್ ಮಾಡಿದಳು. ಇಳಿಯಲಿಲ್ಲ, ಗಾಡಿಗೆ ಬೆನ್ನು ಮಾಡಲಿಲ್ಲ. ಪಕ್ಕದ ಸೀಟಿಗೆ ಸರಿದು, ಕೈ ಕಟ್ಟಿ ಕೂತಳು. ಇಬ್ಬರೂ ಎದುರಿನ ರಸ್ತೆಯನ್ನು ನೋಡುತ್ತಿದ್ದರು. ಬಿಸಿಲು ಇನ್ನೂ ಭತ್ತದ ಗದ್ದೆಯ ಮೇಲಿರುವಾಗಲೇ ಕ್ರೇನಿನ ಹಳದಿ ದೀಪ ತಿರುಗುತ್ತ ಬಂದಿತು. ರಂಗನಾಯಕ ಒಬ್ಬನೇ ಬಂದಿದ್ದ. ಚಪ್ಪಲಿ ಬಿಟ್ಟು, ಡ್ರೈವರ್ ಬಾಗಿಲ ಹತ್ತಿರ ಬಂದು ನಿಂತು, ಟವಲ್ಲನ್ನು ಕಂಕುಳಲ್ಲಿಟ್ಟುಕೊಂಡ.

“ಬಂದೆ ಬುದ್ಧಿ,” ಎಂದ ಖಾಲಿ ಸೀಟಿಗೆ. “ಎಲ್ಲಾರ್ನೂ ಬುಟ್ಟು ಬಂದಿವ್ನಿ. ನಿಮ್ದೇ ಮೊದ್ಲು.”

ಗಾಡಿ ಎದ್ದಿತು. ಯಾರೂ ಕೀ ಮುಟ್ಟಿರಲಿಲ್ಲ.

“ಏನ್ ರೇಟಿಗೆ ಆಯ್ತು?” ಎಂದು ಮಂಗಳಮ್ಮ ಬಾಗಿಲಲ್ಲೇ ಕೇಳಿದಳು. “ಅಪ್ಪಾಜಿ ಒಪ್ಪಿಕೊಂಡ ರೇಟಿಗೆ,” ಎಂದಳು ಪವಿತ್ರಾ. ಅಪ್ಪಾಜಿ ರೇಟಿಗೇ ಆಯಿತೆಂದು ಅಮ್ಮ ತಿಳಿದುಕೊಂಡು ಬೀದಿಗೆಲ್ಲ ಹೇಳಿದಳು. ಮಗಳು ತಿದ್ದಲಿಲ್ಲ.

ಆ ಮೇಲೆ ಗಾಡಿ ಮೋರಿಯ ಮೇಲೆ ನಿಲ್ಲಲಿಲ್ಲ. ವಾರಗಳು ಕಳೆದವು. ಅವಳು ಬೇಕೆಂದೇ ಇಳಿಹೊತ್ತಿಗೆ ಹೋದಳು, ನಿಧಾನ ಮಾಡಿದಳು, ಗೇರು ಇಳಿಸಿದಳು. ಎಂಜಿನ್ನು ತಣ್ಣಗೆ ಗೊರಗುಟ್ಟುತ್ತ ದಾಟಿಬಿಡುತ್ತಿತ್ತು. ಯಾವುದಕ್ಕಾಗಿ ಅಷ್ಟು ಹಟ ಮಾಡಿ ಬೆಲೆ ಕೊಟ್ಟಿದ್ದಳೋ ಅದೇ ಆಗಿತ್ತು. ಆದರೂ ದಾಟಿದ ಮೇಲೆ ಗಾಡಿ ಖಾಲಿ ಎನಿಸುತ್ತಿತ್ತು. ಹಿಂದೆ ಹಿಂಡಿಯ ಮೂಟೆಗಳು ಚಾವಣಿಯವರೆಗೆ ತುಂಬಿದ್ದರೂ.

ಆಷಾಢ ಬಂತು. ಒಂದು ಸಂಜೆ ಅವಳು ಮೋರಿಯ ಮೇಲೆ ಬ್ರೇಕು ಒತ್ತಿದಳು. ಕೆಳಗೆ ನಾಲೆ ತುಂಬಿ ಹರಿಯುತ್ತಿತ್ತು. ಫೋನ್ ತೆಗೆದು ರಂಗನಾಯಕನ ನಂಬರು ಒತ್ತಿದಳು.

“ರಂಗಣ್ಣ, ಮೋರಿ ಮೇಲಿದ್ದೀನಿ. ಗಾಡಿ ನಿಂತಿದೆ.”

ಆ ಕಡೆ ಕ್ರೇನಿನ ಸದ್ದು ನಿಂತಿತು.

“ನಿಂತದಾ?” ಎಂದ ರಂಗನಾಯಕ ಮೆಲ್ಲಗೆ. “ಇಂಜಿನ್ ಸದ್ದು ನಂಗೆ ಕೇಳ್ತಾ ಅದೆ ಕಣವ್ವ.”

ಅವಳು ಎಂಜಿನ್ನು ಆರಿಸಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಪಕ್ಕದ ಖಾಲಿ ಸೀಟು ನೋಡುತ್ತ ಕೂತಳು. ಅತ್ತ ಯಾರೋ ಬೈದುಕೊಂಡದ್ದು, ಕಬ್ಬಿಣದ ಸರಪಳಿ ನೆಲಕ್ಕೆ ಬಿದ್ದದ್ದು ಕೇಳಿಸಿತು. ಅರ್ಧ ಕಟ್ಟಿದ ಯಾರದೋ ಗಾಡಿಯನ್ನು ಬಿಚ್ಚುತ್ತಿದ್ದ.

“ಅಲ್ಲೇ ಇರು,” ಎಂದ. “ಬತ್ತಾ ಇವ್ನಿ.”